ಮಾರ್ಪಡಿಸಿದ ಟರ್ಬೊ ಎಂಜಿನ್ನಿನ ವೈಫಲ್ಯ ಪರೀಕ್ಷೆ

ಮಾರ್ಪಡಿಸಿದ ಟರ್ಬೊ ಎಂಜಿನ್ನಿನ ವೈಫಲ್ಯ ಪರೀಕ್ಷೆ ಎಂದರೆ, ತಯಾರಕರು ನಿಗದಿಪಡಿಸಿದ್ದಕ್ಕಿಂತ ಹೆಚ್ಚಿನ ಶಕ್ತಿ ಕೊಡುವಂತೆ ಬದಲಾಯಿಸಿದ ಬಳಿಕ ಕೆಟ್ಟು ನಿಂತ ಕಾರಿನ ಎಂಜಿನ್ನನ್ನು ಕ್ರಮಬದ್ಧವಾಗಿ ಬಿಚ್ಚಿ, ಅದು ಕೆಟ್ಟ ಕಾರಣವನ್ನು ಕಂಡುಹಿಡಿಯುವ ಕೆಲಸ. ಸಾಮಾನ್ಯ ದುರಸ್ತಿಗೂ ಇದಕ್ಕೂ ವ್ಯತ್ಯಾಸವಿದೆ. ದುರಸ್ತಿಯಲ್ಲಿ ಮುರಿದ ಭಾಗ ಯಾವುದೆಂದು ತಿಳಿದರೆ ಸಾಕು. ಪರೀಕ್ಷೆಯಲ್ಲಿ ಅದು ಏಕೆ ಮುರಿಯಿತು ಎಂಬುದು ತಿಳಿಯಬೇಕು. ಕಾರಣ ತಿಳಿಯದೆ ಹೊಸ ಪಿಸ್ಟನ್ ಹಾಕಿ ಜೋಡಿಸಿದ ಎಂಜಿನ್ ಕೆಲವೇ ದಿನಗಳಲ್ಲಿ ಅದೇ ರೀತಿ ಮತ್ತೆ ಕೆಡುವುದುಂಟು. ಖರ್ಚನ್ನು ಯಾರು ಭರಿಸಬೇಕೆಂಬ ವಿವಾದವು ಮಾಲೀಕ, ಮಾರ್ಪಾಡು ಮಾಡಿದವರು ಹಾಗೂ ಬಿಡಿಭಾಗ ಮಾರಿದವರ ನಡುವೆ ಎದ್ದಾಗಲೂ ನಿರ್ಣಯ ನಿಲ್ಲುವುದು ಈ ಪರೀಕ್ಷೆಯ ಮೇಲೆಯೇ.

ಟರ್ಬೊ ಮತ್ತು ಮಾರ್ಪಾಡು

ಟರ್ಬೊಚಾರ್ಜರ್ ಎಂಬುದು ಎಂಜಿನ್ನಿನ ಹೊಗೆಯ ರಭಸದಿಂದ ತಿರುಗುವ ಒಂದು ಚಕ್ರ ಹಾಗೂ ಅದೇ ದಂಡದ ಇನ್ನೊಂದು ತುದಿಯಲ್ಲಿದ್ದು ಗಾಳಿಯನ್ನು ಒತ್ತಿ ಸಿಲಿಂಡರಿಗೆ ತುಂಬುವ ಮತ್ತೊಂದು ಚಕ್ರವುಳ್ಳ ಸಾಧನ. ಸ್ವಿಟ್ಜರ್ಲೆಂಡಿನ ಎಂಜಿನಿಯರ್ ಆಲ್ಫ್ರೆಡ್ ಬ್ಯೂಶಿ 1905ರಲ್ಲಿ ಇದಕ್ಕೆ ಪೇಟೆಂಟ್ ಪಡೆದನು. ಕಾರುಗಳಲ್ಲಿನ ಸಣ್ಣ ಟರ್ಬೊಗಳ ದಂಡವು ನಿಮಿಷಕ್ಕೆ ಒಂದು ಲಕ್ಷಕ್ಕಿಂತಲೂ ಹೆಚ್ಚು ಸುತ್ತು ತಿರುಗುತ್ತದೆ. ವಾತಾವರಣದ ಒತ್ತಡಕ್ಕಿಂತ ಹೆಚ್ಚುವರಿಯಾಗಿ ತುಂಬುವ ಒತ್ತಡಕ್ಕೆ ‘ಬೂಸ್ಟ್’ ಎಂದು ಹೆಸರು. ಸಮುದ್ರಮಟ್ಟದಲ್ಲಿ ಬೂಸ್ಟ್ ಒಂದು ಬಾರ್ ಇದ್ದರೆ ಸಿಲಿಂಡರಿಗೆ ಹೋಗುವ ಗಾಳಿಯ ಒತ್ತಡ ಸುಮಾರು ಎರಡು ಪಟ್ಟಾಗುತ್ತದೆ.

ಒತ್ತಿದ ಗಾಳಿ ಬಿಸಿಯಾಗುತ್ತದೆ. ಒಂದು ಬಾರ್ ಬೂಸ್ಟಿನಲ್ಲಿ ಟರ್ಬೊದಿಂದ ಹೊರಬರುವ ಗಾಳಿ 100 ಡಿಗ್ರಿ ಸೆಲ್ಸಿಯಸ್ ದಾಟುವುದು ಸಾಮಾನ್ಯ. ಅದನ್ನು ತಣಿಸಲು ಇಂಟರ್‌ಕೂಲರ್ ಇರುತ್ತದೆ. ಗಾಳಿ ಹೆಚ್ಚಾದಂತೆ ಪೆಟ್ರೋಲನ್ನೂ ಹೆಚ್ಚಿಸಬೇಕು, ಕಿಡಿ ಹಾರಿಸುವ ಸಮಯವನ್ನೂ ಹೊಂದಿಸಬೇಕು. ಇವೆಲ್ಲವನ್ನೂ ನಿಯಂತ್ರಿಸುವ ಗಣಕದಲ್ಲಿನ ಅಂಕಿಗಳನ್ನು ತಿದ್ದುವುದನ್ನು ‘ರಿಮ್ಯಾಪ್’ ಎನ್ನುತ್ತಾರೆ. ಅತಿ ಸಾಮಾನ್ಯವಾದ ಮಾರ್ಪಾಡು ಇದೇ. ದೊಡ್ಡ ಟರ್ಬೊ, ಬೇರೆ ಇಂಜೆಕ್ಟರ್, ಅಗಲವಾದ ಸೈಲೆನ್ಸರ್ ಕೊಳವೆ ಮುಂತಾದವು ಮುಂದಿನ ಹಂತಗಳು.

ತಯಾರಕರು ಪ್ರತಿಯೊಂದು ಎಂಜಿನ್ನಿನಲ್ಲಿಯೂ ಒಂದಿಷ್ಟು ಶಕ್ತಿಯನ್ನು ಬಳಸದೆ ಉಳಿಸಿರುತ್ತಾರೆ. ಕಳಪೆ ಇಂಧನ, ಬೇಸಿಗೆಯ ಬಿಸಿಲು, ಘಟ್ಟದ ಏರು, ಸಮಯಕ್ಕೆ ಆಯಿಲ್ ಬದಲಾಯಿಸದ ಮಾಲೀಕ, ಇವೆಲ್ಲಕ್ಕೂ ಆ ಉಳಿಕೆಯೇ ಆಸರೆ. ಮಾರ್ಪಾಡು ಮಾಡುವವರು ಮಾರುವುದು ಬಹುಮಟ್ಟಿಗೆ ಈ ಉಳಿಕೆಯನ್ನೇ. ಆದ್ದರಿಂದ ಮೂಲಸ್ಥಿತಿಯ ಎಂಜಿನ್ ಸಹಿಸಿಕೊಳ್ಳುತ್ತಿದ್ದ ಸಣ್ಣ ದೋಷವೂ ಮಾರ್ಪಡಿಸಿದ ಎಂಜಿನ್ನನ್ನು ಒಡೆಯಬಲ್ಲದು.

ಬಿಚ್ಚುವ ಮುನ್ನ

ಕೆಟ್ಟ ಎಂಜಿನ್ನನ್ನು ‘ಒಮ್ಮೆ ನೋಡೋಣ’ ಎಂದು ಪುನಃ ಪುನಃ ಸ್ಟಾರ್ಟ್ ಮಾಡುವುದು ಪರೀಕ್ಷೆಗೆ ದೊಡ್ಡ ಅಡ್ಡಿ. ಮುರಿದ ರಿಂಗಿನ ಚೂರು ಪ್ರತಿ ಸುತ್ತಿನಲ್ಲಿಯೂ ಹೊಸ ಗುರುತು ಮಾಡಿ ಹಳೆಯದನ್ನು ಅಳಿಸುತ್ತದೆ.

ಮೊದಲು ಇತಿಹಾಸವನ್ನು ಬರೆದುಕೊಳ್ಳಬೇಕು: ಯಾವ ಭಾಗ ಯಾವಾಗ ಬದಲಾಯಿತು, ಆಯಿಲ್ ಯಾವುದು, ಕೊನೆಯ ಸಲ ಎಷ್ಟು ಇಂಧನ ಎಲ್ಲಿ ತುಂಬಿಸಿದ್ದು, ಕೆಟ್ಟಾಗ ಯಾವ ಗೇರಿನಲ್ಲಿ ಎಷ್ಟು ವೇಗದಲ್ಲಿ ಹೋಗುತ್ತಿತ್ತು, ಮೊದಲು ಕೇಳಿಸಿದ್ದು ಶಬ್ದವೋ ಕಾಣಿಸಿದ್ದು ಹೊಗೆಯೋ. ಬ್ಯಾಟರಿ ಕಳಚುವುದಕ್ಕೆ ಮೊದಲು ಗಣಕದಲ್ಲಿ ಉಳಿದಿರುವ ದೋಷಸಂಕೇತಗಳನ್ನೂ ದೋಷ ದಾಖಲಾದ ಕ್ಷಣದ ಅಂಕಿಗಳನ್ನೂ ಓದಿ ಇಟ್ಟುಕೊಳ್ಳಬೇಕು.

ಬಳಿಕ ಕಂಪ್ರೆಷನ್ ಅಳೆಯಲಾಗುತ್ತದೆ. ಒಂದೊಂದು ಸಿಲಿಂಡರಿನ ಅಂಕಿಗಿಂತ ನಾಲ್ಕರ ನಡುವಿನ ಅಂತರವೇ ಮುಖ್ಯ. ಅದಕ್ಕಿಂತಲೂ ಉಪಯುಕ್ತವಾದುದು ಸ್ಪಾರ್ಕ್ ಪ್ಲಗ್ಗಿನ ರಂಧ್ರದಿಂದ ಗಾಳಿ ತುಂಬಿಸಿ ಅದು ಎಲ್ಲಿಂದ ಸೋರುತ್ತದೆ ಎಂದು ಕೇಳುವ ಸೋರಿಕೆ ಪರೀಕ್ಷೆ. ಆಯಿಲ್ ಹಾಕುವ ಬಾಯಿಂದ ಗಾಳಿ ಬಂದರೆ ರಿಂಗ್ ಅಥವಾ ಪಿಸ್ಟನ್, ಸೈಲೆನ್ಸರಿನಿಂದ ಬಂದರೆ ಹೊಗೆಯ ವಾಲ್ವ್, ಗಾಳಿಯ ದಾರಿಯಿಂದ ಬಂದರೆ ಒಳಸೇರುವ ವಾಲ್ವ್, ರೇಡಿಯೇಟರಿನಲ್ಲಿ ಗುಳ್ಳೆ ಎದ್ದರೆ ಹೆಡ್ ಗ್ಯಾಸ್ಕೆಟ್ ದೋಷವೆಂದು ತಿಳಿಯಬಹುದು.

ಆಯಿಲನ್ನು ಶುಭ್ರವಾದ ಪಾತ್ರೆಗೆ ಇಳಿಸಿ ಒಂದಿಷ್ಟನ್ನು ಶೀಶೆಯಲ್ಲಿ ಎತ್ತಿಡಬೇಕು. ಆಯಿಲ್ ಫಿಲ್ಟರನ್ನು ಎಸೆಯದೆ ಕತ್ತರಿಸಿ, ಒಳಗಿನ ಕಾಗದವನ್ನು ಬಿಡಿಸಿ ನೋಡಬೇಕು. ಅಯಸ್ಕಾಂತಕ್ಕೆ ಅಂಟುವ ಚೂರು ಉಕ್ಕು ಅಥವಾ ಎರಕದ ಕಬ್ಬಿಣದ್ದು. ಅಂಟದ ಬೆಳ್ಳನೆಯ ಚೂರು ಪಿಸ್ಟನ್ನಿನದೋ ಅಲ್ಯುಮಿನಿಯಂ ಬೇರಿಂಗಿನದೋ ಇರಬಹುದು. ತಾಮ್ರದ ಬಣ್ಣದ್ದಾದರೆ ಬೇರಿಂಗಿನ ಮೇಲ್ಪದರ ಸವೆದು ಒಳಪದರ ತಲುಪಿದೆ ಎಂದರ್ಥ. ಆಯಿಲಿನಲ್ಲಿ ಪೆಟ್ರೋಲಿನ ವಾಸನೆ ಗಾಢವಾಗಿದ್ದರೆ ಅದನ್ನೂ ಬರೆದಿಡಬೇಕು.

ಬಿಚ್ಚುವ ಕ್ರಮ

ಎಂಜಿನ್ ಪೂರ್ತಿ ತಣ್ಣಗಾಗಿರಬೇಕು. ಹೆಡ್ಡಿನ ಬೋಲ್ಟುಗಳನ್ನು ಬಿಗಿಮಾಡುವ ಕ್ರಮಕ್ಕೆ ವಿರುದ್ಧ ಕ್ರಮದಲ್ಲಿ, ಸ್ವಲ್ಪ ಸ್ವಲ್ಪವಾಗಿ ಸಡಿಲಿಸಲಾಗುತ್ತದೆ. ಯಾವುದಾದರೂ ಬೋಲ್ಟ್ ಅಸಹಜವಾಗಿ ಸುಲಭವಾಗಿ ಬಿಚ್ಚಿಕೊಂಡರೆ ಅದು ಗಮನಾರ್ಹ. ಪ್ರತಿಯೊಂದು ಭಾಗಕ್ಕೂ ಸಿಲಿಂಡರಿನ ಸಂಖ್ಯೆ ಹಾಗೂ ದಿಕ್ಕು ಬರೆದು ಬೇರೆ ಬೇರೆ ಚೀಲದಲ್ಲಿ ಇಡಬೇಕು. ಬೇರಿಂಗಿನ ಮೇಲಿನ ಹೋಳು, ಕೆಳಗಿನ ಹೋಳು ಅದಲುಬದಲಾದರೆ ಅವು ಹೇಳುವ ವಿಷಯವೂ ಅದಲುಬದಲಾಗುತ್ತದೆ.

ಏನನ್ನೂ ತೊಳೆಯಬಾರದು. ಗ್ಯಾರೇಜುಗಳಲ್ಲಿ ಬಿಚ್ಚಿದ ಭಾಗವನ್ನು ಕೂಡಲೇ ಸೀಮೆಎಣ್ಣೆಯಲ್ಲೋ ಡೀಸೆಲಿನಲ್ಲೋ ತೊಳೆದು ಬಟ್ಟೆಯ ಮೇಲೆ ಸಾಲಾಗಿ ಜೋಡಿಸುವುದು ಒಳ್ಳೆಯ ಅಭ್ಯಾಸವೆಂದೇ ಗಣಿಸಲ್ಪಡುತ್ತದೆ, ದುರಸ್ತಿಗೆ ಅದು ಸರಿಯೂ ಹೌದು. ಹಳೆಯ ಶಾಸನವನ್ನು ಓದುವವರು ಮೊದಲು ಕಲ್ಲನ್ನು ತೊಳೆಯುತ್ತಾರೆ. ಇಲ್ಲಿ ಮಾತ್ರ ಮಸಿಯೇ ಅಕ್ಷರ. ಪಿಸ್ಟನ್ನಿನ ತಲೆಯ ಮೇಲಿನ ಮಸಿ ಎಲ್ಲಿ ಇದೆ, ಎಲ್ಲಿ ಸುಟ್ಟುಹೋಗಿದೆ, ಎಲ್ಲಿ ಆಯಿಲಿನಿಂದ ತೊಳೆದುಹೋಗಿದೆ ಎಂಬುದರಿಂದಲೇ ಅರ್ಧ ವಿಷಯ ತಿಳಿಯುತ್ತದೆ.

ಹೆಡ್ ತೆಗೆದ ಮೇಲೆ ಗ್ಯಾಸ್ಕೆಟ್ಟಿನ ಎರಡೂ ಮುಖಗಳನ್ನು ನೋಡಿ, ನೇರಪಟ್ಟಿ ಹಾಗೂ ಫೀಲರ್ ಗೇಜಿನಿಂದ ಹೆಡ್ ಬಾಗಿದೆಯೇ ಎಂದು ಅಳೆಯುತ್ತಾರೆ. ಬಳಿಕ ಕೆಳಗಿನ ಆಯಿಲ್ ಚೇಂಬರ್ ಬಿಚ್ಚಿದಾಗ ಆಯಿಲ್ ಹೀರುವ ಜಾಲರಿಯನ್ನು ಮರೆಯದೆ ನೋಡಬೇಕು. ಹಿಂದಿನ ಕೆಲಸದಲ್ಲಿ ಧಾರಾಳವಾಗಿ ಬಳಿದ ಸಿಲಿಕಾನ್ ಅಂಟು ಒಳಗೆ ಹಿಂಡಿ ಬಂದು, ಕಳಚಿ, ಜಾಲರಿಯನ್ನು ಮುಚ್ಚಿ ಇಡೀ ಎಂಜಿನ್ನನ್ನು ಸೀಜ್ ಮಾಡುವುದುಂಟು. ಹೀಗಾದಾಗ ದೋಷವು ಮಾರ್ಪಾಡಿನದಲ್ಲ, ಜೋಡಣೆಯದು.

ಪಿಸ್ಟನ್ ಮತ್ತು ರಿಂಗುಗಳ ಸಾಕ್ಷ್ಯ

ಪೆಟ್ರೋಲ್ ಟರ್ಬೊ ಎಂಜಿನ್ನುಗಳಲ್ಲಿ ಹೆಚ್ಚು ಮಾಹಿತಿ ದೊರೆಯುವುದು ಪಿಸ್ಟನ್ನಿನಿಂದ. ಪರಸ್ಪರ ಗೊಂದಲಕ್ಕೆ ಈಡಾಗುವ ಮೂರು ನಾಲ್ಕು ಬಗೆಯ ಹಾನಿಗಳನ್ನು ಬೇರ್ಪಡಿಸಿ ನೋಡುವುದು ಇಲ್ಲಿ ಅಗತ್ಯ.

ಮೊದಲನೆಯದು ನಾಕಿಂಗ್. ಪ್ಲಗ್ಗು ಕಿಡಿ ಹಾರಿಸಿದ ಮೇಲೆ ಬೆಂಕಿ ಕ್ರಮವಾಗಿ ಹರಡಬೇಕು. ಒತ್ತಡ, ಉಷ್ಣ ಮಿತಿ ಮೀರಿದಾಗ ಬೆಂಕಿ ತಲುಪುವ ಮೊದಲೇ ಮೂಲೆಯಲ್ಲಿದ್ದ ಮಿಶ್ರಣ ತಾನಾಗಿಯೇ ಒಮ್ಮೆಲೆ ಹೊತ್ತಿಕೊಂಡು, ಸುತ್ತಿಗೆಯ ಪೆಟ್ಟಿನಂತಹ ಒತ್ತಡದ ಅಲೆ ಏಳುತ್ತದೆ. ಪಿಸ್ಟನ್ನಿನ ತಲೆಯ ಅಂಚಿನಲ್ಲಿ, ಪ್ಲಗ್ಗಿಗೆ ದೂರವಾದ ಕಡೆ, ಮರಳು ಎರಚಿದಂತಹ ಸಣ್ಣ ಕುಳಿಗಳು ಕಾಣುತ್ತವೆ. ಪ್ಲಗ್ಗಿನ ಬಿಳಿಯ ಪಿಂಗಾಣಿಯ ಮೇಲೆ ಕಪ್ಪು ಅಥವಾ ಹೊಳೆಯುವ ಚುಕ್ಕೆಗಳಿರುತ್ತವೆ. ಹೊಳೆಯುವವು ಪಿಸ್ಟನ್ನಿನಿಂದ ಕಿತ್ತುಬಂದ ಅಲ್ಯುಮಿನಿಯಂ. ಮುಂದುವರಿದರೆ ಮೊದಲ ಮತ್ತು ಎರಡನೆಯ ರಿಂಗುಗಳ ನಡುವಣ ದಿಂಡು ಒಡೆಯುತ್ತದೆ.

ಎರಡನೆಯದು ಪೂರ್ವಜ್ವಲನ. ಕಿಡಿ ಹಾರುವುದಕ್ಕೆ ಮೊದಲೇ, ಕೆಂಪಗೆ ಕಾದ ಪ್ಲಗ್ಗಿನ ತುದಿಯೋ ಮಸಿಯ ಹರಳೋ ಮಿಶ್ರಣವನ್ನು ಹೊತ್ತಿಸುತ್ತದೆ. ಪಿಸ್ಟನ್ ಮೇಲೇರುತ್ತಿರುವಾಗಲೇ ಉರಿ ಎದ್ದು ಪಿಸ್ಟನ್ನಿನ ನಡುಭಾಗ ಕರಗಿ ತೂತಾಗುತ್ತದೆ, ಪ್ಲಗ್ಗಿನ ತುದಿಯೂ ಕರಗಿರುತ್ತದೆ. ಶುದ್ಧ ಅಲ್ಯುಮಿನಿಯಂ ಕರಗುವುದು 660 ಡಿಗ್ರಿ ಸೆಲ್ಸಿಯಸಿನಲ್ಲಿ. ಪಿಸ್ಟನ್ನಿನ ಮಿಶ್ರಲೋಹ ಅದಕ್ಕಿಂತ ಕೆಳಗೇ ಮೆತ್ತಗಾಗುತ್ತದೆ. ನಾಕಿಂಗ್ ಎಂಜಿನ್ನನ್ನು ನಿಧಾನವಾಗಿ ಕೊಲ್ಲಬಹುದು, ಪೂರ್ವಜ್ವಲನಕ್ಕೆ ಕೆಲವು ಸೆಕೆಂಡುಗಳು ಸಾಕು. ಸಣ್ಣ ಗಾತ್ರದ, ನೇರವಾಗಿ ಸಿಲಿಂಡರಿಗೆ ಪೆಟ್ರೋಲ್ ಚಿಮ್ಮುವ ಟರ್ಬೊ ಎಂಜಿನ್ನುಗಳಲ್ಲಿ ಕಡಿಮೆ ಸುತ್ತು, ಹೆಚ್ಚು ಹೊರೆಯ ಸ್ಥಿತಿಯಲ್ಲಿ (ಮೇಲಿನ ಗೇರಿನಲ್ಲಿಯೇ ಏರು ಹತ್ತಿಸುವಾಗ) ಇದರ ಒಂದು ವಿಶೇಷ ರೂಪ ಕಾಣಿಸುತ್ತದೆ. ಆಯಿಲಿನಲ್ಲಿರುವ ಕ್ಯಾಲ್ಸಿಯಂ ಅಂಶವೂ ಇದಕ್ಕೆ ಒಂದು ಕಾರಣವೆಂದು ತಿಳಿದ ಮೇಲೆ ಎಪಿಐ ಸಂಸ್ಥೆಯ 2018ರ ‘ಎಸ್‌ಎನ್ ಪ್ಲಸ್’ ಹಾಗೂ 2020ರ ‘ಎಸ್‌ಪಿ’ ಆಯಿಲ್ ದರ್ಜೆಗಳು ಬಂದವು. ಆದ್ದರಿಂದ ಡಬ್ಬಿಯ ಮೇಲೆ ಬರೆದಿರುವ ದರ್ಜೆಯೂ ಪರೀಕ್ಷಕರಿಗೆ ಒಂದು ಸಾಕ್ಷ್ಯ.

ಮೂರನೆಯದು ರಿಂಗಿನ ಅಂತರ ಸಾಲದೆ ಹೋಗುವುದು. ರಿಂಗಿನ ಎರಡು ತುದಿಗಳ ನಡುವೆ ಸಣ್ಣ ಸಂದು ಬಿಟ್ಟಿರುತ್ತಾರೆ. ಬೂಸ್ಟ್ ಹೆಚ್ಚಿದಾಗ ಉಷ್ಣ ಹೆಚ್ಚಿ ರಿಂಗು ಇನ್ನಷ್ಟು ಹಿಗ್ಗುತ್ತದೆ. ಸಂದು ಮುಚ್ಚಿಹೋದರೆ ತುದಿಗಳು ಒಂದನ್ನೊಂದು ಒತ್ತಿ, ರಿಂಗು ಗೋಡೆಗೆ ಸಿಕ್ಕಿಕೊಂಡು ದಿಂಡನ್ನು ಕಿತ್ತೊಗೆಯುತ್ತದೆ. ಟರ್ಬೊ ಇಲ್ಲದ ಎಂಜಿನ್ನಿಗೆ 100 ಮಿ.ಮೀ. ವ್ಯಾಸಕ್ಕೆ ಸುಮಾರು 0.4 ಮಿ.ಮೀ. ಸಂದು ಬಿಡುವುದು ರೂಢಿ. ಹೆಚ್ಚಿನ ಬೂಸ್ಟಿಗೆ 0.5ರಿಂದ 0.6 ಮಿ.ಮೀ. ಬೇಕಾಗುತ್ತದೆ.

ನಾಕಿಂಗಿನಲ್ಲಿಯೂ ರಿಂಗಿನ ಸಂದು ಮುಚ್ಚಿದಾಗಲೂ ಒಡೆಯುವುದು ಅದೇ ದಿಂಡು. ದೂರದಿಂದ ನೋಡಿದರೆ ಎರಡೂ ಪಿಸ್ಟನ್ನುಗಳು ಒಂದೇ. ವ್ಯತ್ಯಾಸ ತಿಳಿಯಲು ರಿಂಗಿನ ತುದಿಗಳನ್ನು ನೋಡಬೇಕು: ಅವು ಉಜ್ಜಿ ಕನ್ನಡಿಯಂತೆ ಹೊಳೆಯುತ್ತಿದ್ದು ಪಿಸ್ಟನ್ನಿನ ತಲೆ ಶುಭ್ರವಾಗಿದ್ದರೆ ದೋಷ ಸಂದಿನದು, ತುದಿಗಳು ಮಂಕಾಗಿದ್ದು ತಲೆಯ ಅಂಚಿನಲ್ಲಿ ಕುಳಿಗಳಿದ್ದರೆ ನಾಕಿಂಗಿನದು. ಮೊದಲನೆಯದಕ್ಕೆ ಎಂಜಿನ್ ಕಟ್ಟಿದವರು, ಎರಡನೆಯದಕ್ಕೆ ರಿಮ್ಯಾಪ್ ಅಥವಾ ಇಂಧನ ಹೊಣೆ. ಒಂದು ಭೂತಗನ್ನಡಿಯ ನೋಟದಲ್ಲಿ ಹೊಣೆಗಾರಿಕೆಯೇ ಬದಲಾಗುವ ಇಂತಹ ಸಂದರ್ಭಗಳಿರುವುದರಿಂದಲೇ ತೊಳೆಯಬಾರದೆಂಬ ನಿಯಮ ಅಷ್ಟು ಕಟ್ಟುನಿಟ್ಟು.

ಇಂಧನ ಸಾಲದೆ ಮಿಶ್ರಣ ತೆಳುವಾದಾಗ ಪಿಸ್ಟನ್ನಿನ ಅಂಚು, ಸಾಮಾನ್ಯವಾಗಿ ಹೊಗೆ ಹೊರಹೋಗುವ ಬದಿಯಲ್ಲಿ, ಕರಗಿ ಇಳಿದಂತೆ ಕಾಣುತ್ತದೆ. ಡೀಸೆಲ್ ಎಂಜಿನ್ನುಗಳಲ್ಲಿ ಇದು ತಿರುಗುಮುರುಗು: ಅಲ್ಲಿ ಇಂಧನ ಅತಿಯಾದರೆ ಕಪ್ಪು ಹೊಗೆಯೊಂದಿಗೆ ಉಷ್ಣ ಏರಿ ಪಿಸ್ಟನ್ ಸೀಳುತ್ತದೆ.

ಉಳಿದ ಸಿಲಿಂಡರುಗಳು

ಒಂದು ಪಿಸ್ಟನ್ ಒಡೆದಿದ್ದರೆ ಅದೊಂದನ್ನೇ ತೆಗೆದು ನೋಡಿ ಉಳಿದವನ್ನು ಬಿಟ್ಟುಬಿಡುವುದು ಸಾಮಾನ್ಯ ತಪ್ಪು. ಒಡೆದ ಪಿಸ್ಟನ್ನಿನಲ್ಲಿ ಮೂಲ ಗುರುತುಗಳು ನಾಶವಾಗಿರುತ್ತವೆ. ಒಡೆಯುವ ಹಾದಿಯಲ್ಲಿದ್ದು ಇನ್ನೂ ಒಡೆಯದ ಪಿಸ್ಟನ್ನುಗಳಲ್ಲಿ ಅವು ಹಾಗೆಯೇ ಉಳಿದಿರುತ್ತವೆ. ನಾಲ್ಕರಲ್ಲಿಯೂ ಕುಳಿಗಳು ಮೂಡತೊಡಗಿದ್ದರೆ ಕಾರಣ ಎಲ್ಲಕ್ಕೂ ಸಮಾನವಾದುದು: ರಿಮ್ಯಾಪ್, ಇಂಧನದ ಗುಣಮಟ್ಟ, ಪೆಟ್ರೋಲ್ ಪಂಪು, ಕಾದುಹೋದ ಗಾಳಿ. ಮೂರು ಶುದ್ಧವಾಗಿದ್ದು ಒಂದೇ ಹಾಳಾಗಿದ್ದರೆ ಕಾರಣವೂ ಆ ಸಿಲಿಂಡರಿನದೇ: ಕಟ್ಟಿಕೊಂಡ ಇಂಜೆಕ್ಟರ್, ತಪ್ಪು ಪ್ಲಗ್, ನೀರು ಸರಿಯಾಗಿ ಹರಿಯದ ಮೂಲೆ.

ರಾಡ್ ಮತ್ತು ಬೇರಿಂಗುಗಳು

ಕನೆಕ್ಟಿಂಗ್ ರಾಡ್ ಬಾಗುವುದು ಮತ್ತು ತುಂಡಾಗುವುದು ಬೇರೆ ಬೇರೆ ಕಾರಣಗಳಿಂದ. ಕಡಿಮೆ ಸುತ್ತಿನಲ್ಲಿಯೇ ಅತಿಯಾದ ಬೂಸ್ಟ್ ಕೊಟ್ಟರೆ ಸಿಲಿಂಡರಿನ ಒತ್ತಡ ರಾಡನ್ನು ಬಾಗಿಸುತ್ತದೆ. ಅತಿವೇಗದ ಸುತ್ತಿನಲ್ಲಿ ರಾಡಿನ ಬೋಲ್ಟು ಎಳೆದು ತುಂಡಾಗುತ್ತದೆ. ಮುರಿದ ಮುಖದ ಮೇಲೆ ಕೆರೆಯ ದಂಡೆಯಲ್ಲಿ ನೀರು ಇಳಿದ ಗೆರೆಗಳಂತಹ ಅರ್ಧವೃತ್ತಗಳಿದ್ದರೆ ಅದು ಬಹುಕಾಲ ನಿಧಾನವಾಗಿ ಬೆಳೆದ ಬಿರುಕು, ಅಂದರೆ ಲೋಹದ ದಣಿವು. ಅಂತಹ ಗೆರೆಗಳಿಲ್ಲದೆ ಲೋಹ ಎಳೆದು ಸಣ್ಣಗಾಗಿದ್ದರೆ ಒಂದೇ ಏಟಿಗೆ ಮುರಿದದ್ದು. ಗಾಳಿ ಹೀರುವ ಕೊಳವೆಯನ್ನು ಬಂಪರಿನ ಕೆಳಗೆ ಇಳಿಸಿದ ಕಾರುಗಳು ಮಳೆಗಾಲದಲ್ಲಿ ನೀರು ಕುಡಿದು ರಾಡ್ ಬಾಗಿಸಿಕೊಳ್ಳುವುದೂ ಇದೆ. ಅಲ್ಲಿ ಕಾವಿನ ಗುರುತೇ ಇರುವುದಿಲ್ಲ.

ಸಿಲಿಂಡರಿನ ಸ್ಫೋಟದ ಹೊರೆ ಬೀಳುವುದು ರಾಡಿನ ಮೇಲಿನ ಬೇರಿಂಗ್ ಹೋಳಿಗೆ. ಅದೊಂದೇ ಜಜ್ಜಿದ್ದು ಕೆಳಗಿನದು ಚೆನ್ನಾಗಿದ್ದರೆ ನಾಕಿಂಗ್ ಅಥವಾ ಅತಿಯಾದ ಒತ್ತಡವನ್ನು ಶಂಕಿಸಬೇಕು. ಎರಡೂ ಹೋಳುಗಳು, ಹಲವು ರಾಡುಗಳಲ್ಲಿ, ಒರೆಸಿದಂತೆ ಸವೆದು ರಾಡಿನ ದಪ್ಪ ತುದಿ ನೀಲಿಗಟ್ಟಿದ್ದರೆ ಆಯಿಲ್ ತಲುಪಿಲ್ಲ.

ಟರ್ಬೊ: ಅಪರಾಧಿಯೋ ಬಲಿಪಶುವೋ

ಎಂಜಿನ್ ಕೆಟ್ಟಾಗ ಬಹುತೇಕ ಎಲ್ಲರ ಅನುಮಾನವೂ ಮೊದಲು ಟರ್ಬೊ ಮೇಲೆ ಹೋಗುತ್ತದೆ. ಹೊಗೆಯ ಬದಿಯ ಚಕ್ರದ ಎಲೆಗಳು ಕಚ್ಚಿಹೋಗಿದ್ದರೆ ಎಂಜಿನ್ನಿನಿಂದ ಬಂದ ರಿಂಗಿನ ಚೂರೋ ಪ್ಲಗ್ಗಿನ ಚೂರೋ ಅದಕ್ಕೆ ಬಡಿದಿದೆ. ಅಂದರೆ ಎಂಜಿನ್ ಮೊದಲು ಕೆಟ್ಟಿತು, ಟರ್ಬೊ ಆಮೇಲೆ. ಗಾಳಿಯ ಬದಿಯ ಚಕ್ರ ಒಡೆದು ಅದರ ಚೂರುಗಳು ಇಂಟರ್‌ಕೂಲರಿನಲ್ಲಿ ಸಿಕ್ಕರೆ ಅನುಕ್ರಮ ತಿರುಗುತ್ತದೆ. ದಂಡ ನೀಲಿಗಟ್ಟಿದ್ದು ಆಯಿಲ್ ಬರುವ ಸಣ್ಣ ಕೊಳವೆಯಲ್ಲಿ ಕರಕು ಕಟ್ಟಿದ್ದರೆ ಕಾರಣ ಆಯಿಲಿನ ಕೊರತೆ. ರಬ್ಬರ್ ಹೋಸು ಸೀಳಿ ಗಾಳಿ ಸೋರುತ್ತಿದ್ದರೆ, ಕೇಳಿದ ಬೂಸ್ಟನ್ನು ಪೂರೈಸಲು ಟರ್ಬೊ ತನ್ನ ಮಿತಿ ಮೀರಿ ತಿರುಗಿ ಒಡೆಯುತ್ತದೆ.

ಕಾರಣಗಳ ಸರಪಳಿ

ಉದಾಹರಣೆಗೆ, ರಿಮ್ಯಾಪ್ ಆದ ನಾಲ್ಕು ಸಿಲಿಂಡರಿನ ಎಂಜಿನ್ನಿನಲ್ಲಿ ಮೂರನೆಯ ಪಿಸ್ಟನ್ನಿನ ದಿಂಡು ಒಡೆದಿದೆ ಎನ್ನೋಣ. ಉಳಿದ ಮೂರರ ಅಂಚಿನಲ್ಲಿಯೂ ಕುಳಿಗಳಿವೆ, ಆದ್ದರಿಂದ ನಾಕಿಂಗ್, ಕಾರಣ ಸಮಾನವಾದುದು. ದಾಖಲಾದ ಅಂಕಿಗಳಲ್ಲಿ ಹೆಚ್ಚಿನ ಸುತ್ತಿಗೆ ಹೋದಂತೆ ಇಂಧನದ ಒತ್ತಡ ಇಳಿದಿದೆ, ಮಿಶ್ರಣ ತೆಳುವಾಗಿದೆ. ಇಂಧನದ ಒತ್ತಡ ಇಳಿದದ್ದು ಬೂಸ್ಟ್ ಹೆಚ್ಚಿಸಿದರೂ ಪೆಟ್ರೋಲ್ ಪಂಪನ್ನು ಹಳೆಯದೇ ಉಳಿಸಿಕೊಂಡದ್ದರಿಂದ. ಒಡೆದದ್ದು ಪಿಸ್ಟನ್, ಕಾರಣ ಪಂಪು. ಇಲ್ಲಿ ಬಲವಾದ ಫೋರ್ಜ್ಡ್ ಪಿಸ್ಟನ್ ಹಾಕಿದರೆ ಅದು ಹೆಚ್ಚು ಹೊತ್ತು ತಾಳಿಕೊಳ್ಳುತ್ತದೆ, ಮುಂದಿನ ಸಲ ಬೇರಿಂಗೋ ಹೆಡ್ ಗ್ಯಾಸ್ಕೆಟ್ಟೋ ಹೋಗುತ್ತದೆ. ಮೂರನೆಯದೇ ಮೊದಲು ಏಕೆ ಒಡೆಯಿತೆಂಬ ಪ್ರಶ್ನೆಗೆ ಬೇರೆ ಉತ್ತರ ಇರಬಹುದು (ಆ ಸಿಲಿಂಡರು ಸ್ವಲ್ಪ ಹೆಚ್ಚು ಕಾಯುತ್ತದೆ), ಅದು ಮೂಲಕಾರಣವಲ್ಲ.

ಮುರಿದ ಮುಖಗಳನ್ನು ಓದಿ ಕಾರಣ ಹೇಳುವ ಈ ವಿದ್ಯೆ ವಿಮಾನ ಅಪಘಾತಗಳ ತನಿಖೆಯಲ್ಲಿ ಹೆಚ್ಚು ಬೆಳೆದಿದೆ. ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯದಲ್ಲಿ ವೈಫಲ್ಯ ವಿಶ್ಲೇಷಣೆಗೆಂದೇ ತಜ್ಞರ ತಂಡವಿದೆ. ಕಾರಿನ ಎಂಜಿನ್ನಿಗೆ ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ಸಾಮಾನ್ಯವಾಗಿ ಬೇಕಾಗುವುದಿಲ್ಲ, ಭೂತಗನ್ನಡಿ ಮತ್ತು ತಾಳ್ಮೆ ಸಾಕು. ಆದರೆ ಕ್ರಮ ಎರಡರಲ್ಲಿಯೂ ಒಂದೇ.

ಐತಿಹಾಸಿಕ ಉದಾಹರಣೆ

ಟರ್ಬೊ ಅಳವಡಿಸಿ ಮಾರಾಟಕ್ಕೆ ಬಂದ ಮೊದಲ ಕಾರುಗಳು ಅಮೆರಿಕದ ಓಲ್ಡ್ಸ್‌ಮೊಬೈಲ್ ಜೆಟ್‌ಫೈರ್ ಮತ್ತು ಷೆವ್ರೊಲೆ ಕಾರ್ವೇರ್ ಮೊಂಜಾ, ಎರಡೂ 1962ರವು. ಜೆಟ್‌ಫೈರಿನ ಎಂಜಿನ್ ಸುಮಾರು 3.5 ಲೀಟರಿನದು, ಸಂಪೀಡನ ಅನುಪಾತ 10.25:1. ಅಂದಿನ ದೃಷ್ಟಿಯಲ್ಲಿ ಟರ್ಬೊ ಎಂಜಿನ್ನಿಗೆ ಅದು ಬಹಳ ಹೆಚ್ಚು. ನಾಕಿಂಗ್ ತಡೆಯಲು ನೀರು ಹಾಗೂ ಮೆಥನಾಲಿನ ಮಿಶ್ರಣವನ್ನು ಪ್ರತ್ಯೇಕ ತೊಟ್ಟಿಯಿಂದ ಗಾಳಿಗೆ ಸಿಂಪಡಿಸುವ ವ್ಯವಸ್ಥೆ ಮಾಡಲಾಗಿತ್ತು. ತೊಟ್ಟಿ ಬರಿದಾದರೆ ಬೂಸ್ಟ್ ತಾನಾಗಿ ತಗ್ಗುತ್ತಿತ್ತು. ಅನೇಕ ಮಾಲೀಕರು ಅದನ್ನು ತುಂಬಿಸುವುದನ್ನೇ ಮರೆತರು, ಕಾರು ಓಡುವುದಿಲ್ಲವೆಂದು ದೂರಿದರು. ಮುಂದೆ ಹಲವು ಕಾರುಗಳಿಂದ ಟರ್ಬೊ ಕಳಚಿ ಸಾಧಾರಣ ಕಾರ್ಬ್ಯುರೇಟರ್ ಹಾಕಲಾಯಿತು. 1980ರ ದಶಕದ ಆರಂಭದಲ್ಲಿ ಸ್ವೀಡನ್ನಿನ ಸಾಬ್ ಕಂಪನಿ ನಾಕಿಂಗನ್ನು ಸಂವೇದಕದಿಂದ ಗುರುತಿಸಿ ಬೂಸ್ಟ್ ತಗ್ಗಿಸುವ ವ್ಯವಸ್ಥೆ ತಂದಿತು. ಇಂದಿನ ಎಂಜಿನ್ನುಗಳು ನಾಕಿಂಗ್ ಕೇಳಿಸಿದೊಡನೆ ಕಿಡಿಯ ಸಮಯವನ್ನು ಹಿಂದಕ್ಕೆ ಸರಿಸುತ್ತವೆ. ರಿಮ್ಯಾಪಿನಲ್ಲಿ ಈ ಸಂವೇದಕವನ್ನು ಮಂದಗೊಳಿಸಿದ್ದಾರೆಯೇ ಎಂಬುದನ್ನು ಪರೀಕ್ಷಕರು ಮೊದಲಿಗೇ ನೋಡಬೇಕು.

ಕರ್ನಾಟಕದ ಸನ್ನಿವೇಶ

ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ, ಅಲ್ಲಿನ ಗಾಳಿಯ ಒತ್ತಡ ಕರಾವಳಿಗಿಂತ ಸುಮಾರು ಶೇ. 10ರಷ್ಟು ಕಡಿಮೆ. ಅದೇ ಒತ್ತಡ ತಲುಪಲು ಟರ್ಬೊ ಅಲ್ಲಿ ಹೆಚ್ಚು ವೇಗವಾಗಿ ತಿರುಗಬೇಕಾಗುತ್ತದೆ, ಗಾಳಿಯೂ ಹೆಚ್ಚು ಕಾಯುತ್ತದೆ. ನಗರದ ದಟ್ಟಣೆಯಲ್ಲಿ ಪೂರ್ಣ ಬೂಸ್ಟ್ ಕೆಲವು ಸೆಕೆಂಡುಗಳಿಗಿಂತ ಹೆಚ್ಚು ನಿಲ್ಲುವುದಿಲ್ಲ. 2023ರ ಮಾರ್ಚ್ 12ರಂದು ಉದ್ಘಾಟನೆಯಾದ ಬೆಂಗಳೂರು–ಮೈಸೂರು ಹೆದ್ದಾರಿಯಂತಹ ರಸ್ತೆಯ ಮಾತು ಬೇರೆ. 1938ರ ಧ್ವಜ ಸತ್ಯಾಗ್ರಹದಿಂದ ಪ್ರಸಿದ್ಧವಾದ ಶಿವಪುರವಿರುವ ಮದ್ದೂರು ತಾಲ್ಲೂಕನ್ನು ಹಾದುಹೋಗುವ ಈ ರಸ್ತೆಯಲ್ಲಿ ವೇಗಮಿತಿ ಮೀರುವ ಚಾಲಕನು ನಿಮಿಷಗಟ್ಟಲೆ ಹೊರೆ ಹಾಕಬಲ್ಲನು; ಇಂಟರ್‌ಕೂಲರ್, ಆಯಿಲ್, ಪಿಸ್ಟನ್ ಎಲ್ಲವೂ ಕ್ರಮೇಣ ಕಾದು, ಊರೊಳಗೆ ಕಾಣಿಸದ ದೋಷ ಅಲ್ಲಿ ಹೊರಬೀಳುತ್ತದೆ.

ಶೇ. 20ರಷ್ಟು ಎಥನಾಲ್ ಬೆರೆತ ಇ20 ಪೆಟ್ರೋಲನ್ನು 2023ರ ಫೆಬ್ರವರಿ 6ರಂದು ಬೆಂಗಳೂರಿನಲ್ಲಿಯೇ ಬಿಡುಗಡೆ ಮಾಡಲಾಯಿತು. ಕಬ್ಬಿನ ಹಾಲು, ಕಾಕಂಬಿ, ಧಾನ್ಯಗಳಿಂದ ತಯಾರಾಗುವ ಎಥನಾಲ್ ನಾಕಿಂಗನ್ನು ತಡೆಯುವುದರಲ್ಲಿ ಪೆಟ್ರೋಲಿಗಿಂತ ಮೇಲು. ಆದರೆ ಒಂದು ಭಾಗ ಪೆಟ್ರೋಲ್ ಪೂರ್ತಿ ಉರಿಯಲು ತೂಕದಲ್ಲಿ 14.7 ಭಾಗ ಗಾಳಿ ಬೇಕಾದರೆ ಎಥನಾಲಿಗೆ 9 ಭಾಗ ಸಾಕು. ಆದ್ದರಿಂದ ಅಷ್ಟೇ ಗಾಳಿಗೆ ಇ20 ಶುದ್ಧ ಪೆಟ್ರೋಲಿಗಿಂತ ಸುಮಾರು ಶೇ. 8ರಷ್ಟು ಹೆಚ್ಚು ಬೇಕು. ಮೂಲಸ್ಥಿತಿಯ ಕಾರಿನಲ್ಲಿ ಆಮ್ಲಜನಕ ಸಂವೇದಕದ ನೆರವಿನಿಂದ ಗಣಕವು ಇದನ್ನು ಸರಿದೂಗಿಸುತ್ತದೆ. ಇಂಜೆಕ್ಟರುಗಳು ಆಗಲೇ ತಮ್ಮ ಮಿತಿ ಮುಟ್ಟಿರುವ ಮಾರ್ಪಡಿಸಿದ ಕಾರಿನಲ್ಲಿ ಸರಿದೂಗಿಸಲು ಎಡೆ ಉಳಿದಿರುವುದಿಲ್ಲ. ಹಳೆಯ ಇಂಧನಕ್ಕೆ ಹೊಂದಿಸಿದ ರಿಮ್ಯಾಪ್ ಇದ್ದ ಎಂಜಿನ್ ಕೆಟ್ಟಾಗ ಟ್ಯಾಂಕಿನಲ್ಲಿ ಉಳಿದ ಇಂಧನದ ಒಂದು ಶೀಶೆಯನ್ನೂ ಆಯಿಲಿನ ಜೊತೆಗೇ ಎತ್ತಿಡುವುದು ಇದರಿಂದಾಗಿ ಅಗತ್ಯವಾಗಿದೆ.

ಮೋಟಾರು ವಾಹನ ಕಾಯ್ದೆ 1988ರ 52ನೆಯ ಪ್ರಕರಣದಂತೆ, ನೋಂದಣಿ ಪತ್ರದಲ್ಲಿರುವ ತಯಾರಕರ ವಿವರಗಳಿಗೆ ಹೊಂದದಂತೆ ವಾಹನವನ್ನು ಬದಲಾಯಿಸುವಂತಿಲ್ಲ. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವೂ ಇದನ್ನು ಎತ್ತಿಹಿಡಿಯಿತು. ಇದರ ಜೊತೆಗೆ, ಗಣಕದ ಅಂಕಿಗಳನ್ನು ತಿದ್ದಿದ ಗುರುತು ಅನೇಕ ಕಾರುಗಳಲ್ಲಿ ಉಳಿಯುವುದರಿಂದ, ಮೂಲ ಅಂಕಿಗಳನ್ನು ಮತ್ತೆ ತುಂಬಿಸಿದ ಮೇಲೂ ತಯಾರಕರು ವಾರಂಟಿಯನ್ನು ನಿರಾಕರಿಸಬಹುದು.